ಟೆಂಟ್ ಸಿಕ್ಕಿತು, ಮಣ್ಣು ಸಿಗಲಿಲ್ಲ. ಮಕ್ಕಳನ್ನು ಸುಮ್ನೆ ಆಡಲು ಬಿಡುವ ಜಾಗ ಯಾವುದಾದರೂ ಇದೆಯಾ?

ಎರಡುಜಡೆ (ಮಾರ್ಚ್ 10)

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಲ್ಲಿ ಆರನೇ ಮಹಡಿಯಲ್ಲಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 6. ಕೆಳಗೆ ಹುಲ್ಲುಹಾಸು ಇದೆ, ಆದರೆ ಅದರ ಮೇಲೆ ಕಾಲಿಡುವ ಹಾಗಿಲ್ಲ.

ಹೋದ ವಾರ ಸಕಲೇಶಪುರದ ಕಡೆ ಒಂದು ಗ್ಲಾಂಪಿಂಗ್ ಜಾಗಕ್ಕೆ ಹೋಗಿಬಂದೆವು. ಎರಡು ರಾತ್ರಿಗೆ 19 ಸಾವಿರ ಆಯಿತು. ಟೆಂಟ್ ಬಗ್ಗೆ ದೂರಿಲ್ಲ. ಮಂಚ, ಬಿಸಿನೀರು, ಒಳಗೇ ಬಾತ್‌ರೂಮ್. ಅತ್ತೆಯವರಿಗೂ ಕಷ್ಟ ಆಗಲಿಲ್ಲ. ನನ್ನ ಬೇಜಾರು ಬೇರೆ. ಬೆಳಿಗ್ಗೆ 9ಕ್ಕೆ ಜಿಪ್‌ಲೈನ್, 10ಕ್ಕೆ ಮಡಕೆ ಮಾಡುವುದು, 11ಕ್ಕೆ ರೈನ್ ಡಾನ್ಸ್, ಮಧ್ಯಾಹ್ನ ಪೇಂಟಿಂಗ್, ಸಂಜೆ ಡಿಜೆ. ಮಗ ಚರಂಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಇರುವೆಗಳು ಮೊಟ್ಟೆ ಹೊತ್ತುಕೊಂಡು ಹೋಗುವುದನ್ನು ನೋಡುತ್ತಿದ್ದ. ಅಲ್ಲಿನ ಹುಡುಗ ಬಂದು "ಬಾ ಪುಟ್ಟಾ, ಗೇಮ್ ಶುರುವಾಯ್ತು" ಅಂತ ಎಬ್ಬಿಸಿಕೊಂಡು ಹೋದ. ಮಗಳು ಸೀಬೆ ಮರಕ್ಕೆ ಕೈ ಹಾಕಿದ್ದೇ ತಡ, "ಮೇಡಂ, ಹತ್ತಿಸಬೇಡಿ" ಅಂದರು.

ವಾಪಸ್ ಬರುವಾಗ ಚನ್ನರಾಯಪಟ್ಟಣದ ಹತ್ತಿರ ಕಾಫಿಗೆ ನಿಲ್ಲಿಸಿದೆವು. ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಒಂದು ಲೋಡ್ ಮರಳು ಸುರಿದಿತ್ತು. ಇಬ್ಬರೂ ಚಪ್ಪಲಿ ಬಿಟ್ಟು ಹತ್ತಿದರು. ಮುಕ್ಕಾಲು ಗಂಟೆ ಇಳಿಯಲೇ ಇಲ್ಲ. ಕಾಲ ಮೇಲೆ ಮರಳು ತಟ್ಟಿ ಗುಬ್ಬಚ್ಚಿ ಗೂಡು ಮಾಡುವುದನ್ನು ನಾನೇ ಹೇಳಿಕೊಟ್ಟೆ. ರಾತ್ರಿ ನಮ್ಮಮ್ಮ ಫೋನಿನಲ್ಲಿ "ಏನು ಇಷ್ಟ ಆಯ್ತು ಮಗಾ" ಅಂತ ಕೇಳಿದರೆ ಇಬ್ಬರೂ "ಮರಳು" ಅಂದರು. ನನಗೆ ಅಳು ಬಂತು.

ಬೇಸಿಗೆ ರಜೆಯಲ್ಲಿ ಇನ್ನೊಮ್ಮೆ ಹೋಗಬೇಕು ಅಂತಿದ್ದೇವೆ. ಅತ್ತೆಗೆ ನೆಲದ ಮೇಲೆ ಮಲಗಲು ಆಗುವುದಿಲ್ಲ, ಒಳ್ಳೆಯ ಟಾಯ್ಲೆಟ್ ಬೇಕು. ಮಕ್ಕಳಿಗೆ ಟೈಮ್‌ಟೇಬಲ್ ಇಲ್ಲದ ಜಾಗ ಬೇಕು. ಎರಡೂ ಒಂದೇ ಕಡೆ ಸಿಗುತ್ತದೆಯಾ?

ಹಾಸನದವ

ಟೆಂಟಿನಲ್ಲಿ ಮಲಗಲು 19 ಸಾವಿರ ಯಾಕೆ ಕೊಡಬೇಕು? ಊರಿಗೆ ಕರೆದುಕೊಂಡು ಹೋಗಿ. ಅಜ್ಜಿ ಮನೆಯ ಹಿತ್ತಲಿಗಿಂತ ದೊಡ್ಡ ಆಟದ ಮೈದಾನ ಇಲ್ಲ.

ಮೂರನೇ_ಅಡ್ಡರಸ್ತೆ

ಸರ್, ಎಲ್ಲರಿಗೂ ಊರು ಇರುವುದಿಲ್ಲ. ನಮ್ಮ ತಾತ ಜಮೀನು ಮಾರಿ ಬೆಂಗಳೂರಿಗೆ ಬಂದವರು. ನಾನೂ ಇಲ್ಲೇ ಹುಟ್ಟಿದ್ದು. ನನ್ನ ಮಕ್ಕಳಿಗೆ ಅಜ್ಜಿ ಮನೆ ಅಂದರೆ ಎರಡನೇ ಹಂತದ ಬಸ್ ಸ್ಟಾಪ್ ಹಿಂದಿನ ಫ್ಲಾಟು. ಈ ಮಾತು ಕೇಳಿದಾಗಲೆಲ್ಲ ನಾವೇನೋ ತಪ್ಪು ಮಾಡಿದ್ದೇವೆ ಅನ್ನಿಸುತ್ತದೆ.

ಹಾಸನದವ

ಹಾಗೆ ಅನ್ನಿಸಿದ್ದರೆ ಕ್ಷಮಿಸಿ. ನಮ್ಮ ಊರಿನ ಮನೆಯಲ್ಲೂ ಈಗ ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದಾರೆ. ಮೊನ್ನೆ ಹಬ್ಬಕ್ಕೆ ಹೋದಾಗ ನನ್ನ ಮಗಳು ದಿನವಿಡೀ ಟೀವಿ ಮುಂದೆ ಕೂತಿದ್ದಳು. ಹಾಗಾಗಿ ಊರು ಇದ್ದರೆ ಸಾಕು ಅನ್ನುವುದೂ ಪೂರ್ತಿ ನಿಜ ಅಲ್ಲ.

ಗಣಪತಿ_ಮೇಷ್ಟ್ರು

ಈ ಗ್ಲಾಂಪಿಂಗ್ ಅಂದರೆ ಏನಮ್ಮ? ಹೋಂಸ್ಟೇ ಅಲ್ಲವಾ?

ಪದಪ್ರೇಮಿ

ಗ್ಲಾಮರ್ ಮತ್ತು ಕ್ಯಾಂಪಿಂಗ್ ಸೇರಿ ಆದ ಪದ ಮೇಷ್ಟ್ರೇ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿತು. ಮಂಚ, ಹಾಸಿಗೆ, ಸ್ನಾನದ ಮನೆ ಎಲ್ಲ ಇರುವ ಡೇರೆ. ಪದ ಹೊಸದು, ರೂಢಿ ಹಳೆಯದು. ರಾಜರು ಬೇಟೆಗೆ ಹೋದಾಗ ಹೊಡೆಯುತ್ತಿದ್ದ ಗುಡಾರಗಳೂ ಇದೇ ಅಲ್ವಾ? ನಮ್ಮ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಶುರುವಾಗಿದ್ದು ಕಬಿನಿ ದಡದಲ್ಲಿ, ಮೈಸೂರು ಮಹಾರಾಜರ ಬೇಟೆ ಬಂಗಲೆ ಇದ್ದ ಜಾಗದಲ್ಲಿ.

ಕಾಡುದಾರಿ

ಜಂಗಲ್ ಲಾಡ್ಜಸ್ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಅವರ ಟೆಂಟ್‌ಗಳಿವೆ. ನನಗೆ ಬಹಳ ಇಷ್ಟದ ಜಾಗ. ಜಿಂಕೆ, ಕಾಡುಹಂದಿ ಟೆಂಟ್ ಪಕ್ಕದಲ್ಲೇ ಓಡಾಡುತ್ತವೆ. ಆದರೆ ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಕ್ಕಳನ್ನು "ಹೋಗಿ ಆಡಿಕೊಳ್ಳಿ" ಅಂತ ಬಿಡುವ ಹಾಗಿಲ್ಲ. ಅವರದ್ದೇ ಭೀಮೇಶ್ವರಿ ಕ್ಯಾಂಪಿನಲ್ಲೂ ಅಷ್ಟೇ. ಪಕ್ಕದಲ್ಲೇ ಕಾವೇರಿ, ನೀರಿನಲ್ಲಿ ಮೊಸಳೆ. ಕಾಡು ನೋಡಲು ಕಾಡಿಗೆ ಹೋಗಬೇಕು, ಆದರೆ ಅಲ್ಲಿ ನಾವು ನೆಂಟರು, ಬಾಯಿ ಮುಚ್ಚಿಕೊಂಡು ಇರಬೇಕು. ಮಕ್ಕಳು ಕೂಗಾಡಿ, ಓಡಾಡಿ, ಬಿದ್ದು ಏಳಬೇಕು ಅಂದರೆ ತೋಟ, ಹೊಲ, ಕೆರೆ ಅಂಗಳ, ಹುಲ್ಲುಗಾವಲು ಸರಿ. ಈ ಎರಡು ರಜೆಗಳನ್ನು ಬೆರೆಸಬೇಡಿ.

ಇನ್ನೊಂದು ಮಾತು. ಆನೆ ಓಡಾಡುವ ಕಡೆ ಪರವಾನಗಿ ಇಲ್ಲದೆ ಟೆಂಟ್ ಹಾಕಿ ಬಾಡಿಗೆಗೆ ಕೊಡುವವರು ಎಲ್ಲ ಕಡೆ ಇದ್ದಾರೆ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ತಿರ ಟೆಂಟಿನಲ್ಲಿ ತಂಗಿದ್ದ ಹೆಣ್ಣುಮಗಳೊಬ್ಬರು ಆನೆ ದಾಳಿಗೆ ಬಲಿಯಾದರು. ಬುಕ್ ಮಾಡುವ ಮುಂಚೆ "ಆನೆ ಬರುತ್ತದೆಯಾ, ಬೇಲಿ ಏನಿದೆ, ಪರವಾನಗಿ ಇದೆಯಾ" ಅಂತ ಬಾಯಿಬಿಟ್ಟು ಕೇಳಿ. ಇದರಲ್ಲಿ ಸಂಕೋಚ ಬೇಡ.

ಎರಡುಜಡೆ

ಇದು ನನಗೆ ಹೊಳೆದೇ ಇರಲಿಲ್ಲ. ಕಾಡು ಹತ್ತಿರ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಥ್ಯಾಂಕ್ಸ್ ಅಣ್ಣಾ.

ಕನ್ನಡಕದ_ಅಮ್ಮ

ನನ್ನ ಮಗನಿಗೆ ಎರಡನೇ ಕ್ಲಾಸಿನಲ್ಲೇ ಕನ್ನಡಕ ಬಂತು. ಕಣ್ಣಿನ ಡಾಕ್ಟರು ಮೊದಲು ಕೇಳಿದ್ದು ಮೊಬೈಲ್ ಬಗ್ಗೆ ಅಲ್ಲ, "ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತಾನೆ" ಅಂತ. ಬಯಲಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಇರುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವುದು ಕಡಿಮೆಯಂತೆ. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕು ಅಂತ ಸರ್ಕಾರವೇ ಕಾರ್ಯಕ್ರಮ ನಡೆಸುತ್ತಿದೆ. ನನ್ನ ಮಗನ ಲೆಕ್ಕ ಹಾಕಿದೆ. ಸ್ಕೂಲ್ ಬಸ್ಸಿಗೆ ಕಾಯುವುದನ್ನೂ ಸೇರಿಸಿ 25 ನಿಮಿಷ! ವರ್ಷಕ್ಕೆ ಎರಡು ದಿನದ ರಜೆಯಿಂದ ಇದು ಸರಿಹೋಗುವುದಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗುತ್ತೇವೆ. ಆವತ್ತು ಒಳಗೆ ಗಾಡಿ ಬಿಡುವುದಿಲ್ಲ. ಬಿದಿರು ಮೆಳೆಯ ಹತ್ತಿರ ಬಿಟ್ಟರೆ ಎಲೆ, ಕಡ್ಡಿ ಸೇರಿಸಿ ಏನಾದರೂ ಕಟ್ಟುತ್ತಿರುತ್ತಾನೆ.

ರೈನ್_ದಂಡೆ

ನಾವು ಜರ್ಮನಿಯಲ್ಲಿದ್ದೇವೆ. ಮಗ ಕಾಡಿನ ಶಿಶುವಿಹಾರಕ್ಕೆ ಹೋದ. ವಾಲ್ಡ್‌ಕಿಂಡರ್‌ಗಾರ್ಟನ್ ಅನ್ನುತ್ತಾರೆ. 1950ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಪದ್ಧತಿ. ಜರ್ಮನಿಯಲ್ಲಿ 1993ರಲ್ಲಿ ಫ್ಲೆನ್ಸ್‌ಬರ್ಗ್ ಊರಿನ ಒಂದು ಶಾಲೆಗೆ ಮಾನ್ಯತೆ ಸಿಕ್ಕ ಮೇಲೆ ಎಲ್ಲ ಕಡೆ ಹಬ್ಬಿತು. ಕಟ್ಟಡ ಇಲ್ಲ. ತುಂಬಾ ಚಳಿಯಾದರೆ ಕೂರಲು ಮರದ ಒಂದು ಗಾಡಿ ಇರುತ್ತದೆ, ಅಷ್ಟೇ. ಮಳೆ ಬಂದರೂ ಹೊರಗೇ. ಮಣ್ಣಿನಲ್ಲಿ ಆಡಲು ರಬ್ಬರಿನಂಥ ಪ್ಯಾಂಟು ಹಾಕಿಸುತ್ತಾರೆ.

ಮೊದಲ ವಾರ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಐದು ವರ್ಷದ ಮಗುವಿನ ಕೈಗೆ ಕಡ್ಡಿ ಕೆತ್ತಲು ಚಾಕು ಕೊಟ್ಟಿದ್ದರು! ಆದರೆ ನಿಯಮ ಗಟ್ಟಿ. ಕೂತುಕೊಂಡೇ ಕೆತ್ತಬೇಕು, ಚಾಕು ಹಿಡಿದು ನಡೆಯುವ ಹಾಗಿಲ್ಲ. ಟೀಚರ್ ದೂರದಲ್ಲಿ ನಿಂತು ನೋಡುತ್ತಾರೆ, ಮಧ್ಯ ಬರುವುದಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಮೈಯೆಲ್ಲ ಉಣುಗು (ರಕ್ತ ಹೀರುವ ಸಣ್ಣ ಹುಳ) ಹುಡುಕುವುದು ನಮ್ಮ ಕೆಲಸ. ದೊಡ್ಡವರು ಹಾಗೆ ದೂರ ನಿಲ್ಲುವುದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ತುಂಗೆ_ತಡಿ

ಜರ್ಮನಿಯವರು ಹೇಳಿದರೆ ಶಿಕ್ಷಣ, ನಮ್ಮಜ್ಜಿ ಬಿಟ್ಟರೆ ಅಶಿಸ್ತು ಅನ್ನುವ ಕಾಲ ಬಂತಲ್ಲ ಅಂತ ಬೇಸರ. ನಾವು ಏಳು ವರ್ಷಕ್ಕೆ ಕತ್ತಿ ಹಿಡಿದು ತೋಟಕ್ಕೆ ಹೋಗುತ್ತಿದ್ದೆವು. ಮರಕೋತಿ ಆಟ ಆಡಿ ಕೈ ಮುರಿದುಕೊಂಡಿದ್ದೇನೆ, ಮತ್ತೆ ಹತ್ತಿದ್ದೇನೆ.

ರೈನ್_ದಂಡೆ

ನಿಮ್ಮ ಬೇಸರ ಅರ್ಥವಾಗುತ್ತದೆ. ನಾನೂ ತೀರ್ಥಹಳ್ಳಿ ಕಡೆಯವಳೇ. ಅಲ್ಲಿ ನನಗೆ ಸಿಕ್ಕಿದ್ದನ್ನು ಇಲ್ಲಿ ಮಗನಿಗೆ ಕೊಡಲು ಒದ್ದಾಡುತ್ತಿದ್ದೇನೆ, ಅದಕ್ಕೇ ಬರೆದೆ.

ತುಂಗೆ_ತಡಿ

ಓ, ನಮ್ಮೂರ ಕಡೆಯವರೇ! ಹಾಗಾದರೆ ಅಡಿಕೆ ಹಾಳೆ ಎಳೆದಿರುತ್ತೀರಿ. ಒಬ್ಬರು ಹಾಳೆ ಮೇಲೆ ಕೂರುವುದು, ಇನ್ನೊಬ್ಬರು ಅದರ ಸೋಗೆ (ಗರಿ) ಹಿಡಿದು ಅಂಗಳವೆಲ್ಲ ಎಳೆಯುವುದು. ನನ್ನ ಚಡ್ಡಿಗಳೆಲ್ಲ ಹರಿದದ್ದು ಅದರಲ್ಲೇ.

ದಾದಿಯಕ್ಕ

ಶಿವಮೊಗ್ಗ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೆದರಿಸಲು ಬರೆಯುತ್ತಿಲ್ಲ, ದಯವಿಟ್ಟು ಓದಿ.

ಮಲೆನಾಡಿಗೆ ಏಪ್ರಿಲ್‌ನಲ್ಲಿ ಬರುವವರು ಮಂಗನ ಕಾಯಿಲೆ ನೆನಪಿಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಉಣುಗು ಕಚ್ಚಿ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಬರುವ ಮುಂಚೆ ಮನೆಯವರಿಗೆ ಫೋನ್ ಮಾಡಿ, "ಅಕ್ಕಪಕ್ಕ ಮಂಗ ಸತ್ತಿದೆಯಾ, ಈ ವರ್ಷ ಯಾರಿಗಾದರೂ ಜ್ವರ ಬಂದಿದೆಯಾ" ಅಂತ ಕೇಳಿ. ಇದ್ದರೆ ಕಾಡಿನಂಚಿನ ದರಗಿನಲ್ಲಿ (ಉದುರಿದ ಒಣ ಎಲೆಯಲ್ಲಿ) ಮಕ್ಕಳನ್ನು ಬಿಡಬೇಡಿ. ಆಟ ಮುಗಿದ ಮೇಲೆ ಬಿಸಿನೀರು, ಸೋಪು ಹಾಕಿ ಸ್ನಾನ. ಕಿವಿ ಹಿಂದೆ, ಕಂಕುಳು, ತೊಡೆ ಸಂದು ನೋಡಿ.

ಎರಡನೆಯದು ಹಾವು. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಜಾಸ್ತಿ. ನೋವೂ ಗೊತ್ತಾಗುವುದಿಲ್ಲ. ಹಾಗಾಗಿ ಮಂಚ ಇರುವ ಟೆಂಟ್ ಬರೀ ಐಷಾರಾಮ ಅಲ್ಲ, ಒಳ್ಳೆಯದೇ. ಜಿಪ್ ಪೂರ್ತಿ ಹಾಕಿ. ಬೆಳಿಗ್ಗೆ ಶೂ ಕೊಡವಿ ಹಾಕಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧ ಹುಡುಕಿಕೊಂಡು ಹೊತ್ತು ಕಳೆಯಬೇಡಿ. ಮಗುವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ. ಬುಕ್ ಮಾಡುವಾಗಲೇ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಷ್ಟು ದೂರ ಅಂತ ಕೇಳಿಟ್ಟುಕೊಳ್ಳಿ.

ಇಷ್ಟು ಗೊತ್ತಿದ್ದರೆ ಆಮೇಲೆ ಮಕ್ಕಳನ್ನು ಬಿಡಿ. ಗಾಯ, ತರಚು, ಮಣ್ಣು ಇವುಗಳಿಂದ ಏನೂ ಆಗುವುದಿಲ್ಲ. ಧನುರ್ವಾಯು ಲಸಿಕೆ ಬಾಕಿ ಇದೆಯಾ ಅಂತ ಮಾತ್ರ ಕಾರ್ಡು ನೋಡಿ.

ಹೊಸ_ಸೊಸೆ

ರಕ್ತ ಹೀರುವ ಇಂಬಳದ ಬಗ್ಗೆ ಯಾರೂ ಹೇಳಲಿಲ್ಲ? ನನಗೆ ಅದರದ್ದೇ ಹೆದರಿಕೆ.

ತುಂಗೆ_ತಡಿ

ನಮ್ಮ ಕಡೆ ಉಂಬಳ. ಮಳೆಗಾಲದ್ದು ಅದು. ಏಪ್ರಿಲ್ ಬಿಸಿಲಿಗೆ ಕಾಣುವುದಿಲ್ಲ.

ಹಾಸನದವ

ಸಕಲೇಶಪುರದಲ್ಲಿ ಜಿಗಣೆ ಅಂತಲೂ ಅನ್ನುತ್ತಾರೆ.

ತುಂಗೆ_ತಡಿ

ಜಿಗಣೆ ಕೆರೆ ನೀರಿನದ್ದು, ದೊಡ್ಡದು. ಉಂಬಳ ನೆಲದ ಮೇಲೆ ಎಲೆಯಡಿ ಇರುತ್ತದೆ, ಸಣ್ಣದು. ಬೇರೆ ಬೇರೆ. ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕೋಲಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆವು. ಮುಟ್ಟಿಸಿದರೆ ಬಿಡುತ್ತದೆ.

ಹೊಸ_ಸೊಸೆ

ನಮ್ಮ ಅತ್ತೆ ಉಪ್ಪು ಅನ್ನುತ್ತಾರೆ.

ತುಂಗೆ_ತಡಿ

ಉಪ್ಪೂ ಆಗುತ್ತದೆ. ಮಳೆಗೆ ಕರಗಿಹೋಗುತ್ತದೆ ಅಷ್ಟೇ.

ಕಲ್ಪತರು_ತೋಟ

ತಿಪಟೂರು ಸೀಮೆಯಲ್ಲಿ ತೆಂಗು, ಅಡಿಕೆ ತೋಟ ನಮ್ಮದು. ಎರಡು ಟೆಂಟ್ ಇಟ್ಟಿದ್ದೇವೆ. ಪ್ರಚಾರಕ್ಕೆ ಬರೆಯುತ್ತಿಲ್ಲ, ಹೆಸರೂ ಹಾಕುವುದಿಲ್ಲ. ಆ ಕಡೆಯವರ ಮಾತನ್ನೂ ಒಮ್ಮೆ ಕೇಳಿ ಅಂತ.

ನಾನೂ ಮೊದಲ ವರ್ಷ ಟೈಮ್‌ಟೇಬಲ್ ಇಟ್ಟಿದ್ದೆ. ಯಾಕೆಂದರೆ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ, "ಮಕ್ಕಳಿಗೆ ಏನೇನು ಆಕ್ಟಿವಿಟಿ ಇದೆ?" ಏನೂ ಇಲ್ಲ ಅಂದರೆ ಫೋನ್ ಇಡುತ್ತಿದ್ದರು. ಬಂದವರು "ಮಾಡಲು ಏನೂ ಇರಲಿಲ್ಲ" ಅಂತ ಎರಡು ಸ್ಟಾರ್ ಕೊಟ್ಟು ಹೋಗುತ್ತಿದ್ದರು. ಜಿಪ್‌ಲೈನ್ ಯಾಕೆ ಬರುತ್ತದೆ ಅಂದರೆ ಹೀಗೆ.

ಒಂದು ಸಲ ಕರೆಂಟ್ ಹೋಗಿ, ಕರೆದಿದ್ದ ಹುಡುಗರೂ ಬರದೆ, ಮೂರು ಮನೆಯ ಏಳು ಮಕ್ಕಳು ತೋಟದಲ್ಲಿ ಉಳಿದವು. ಬಿದ್ದ ತೆಂಗಿನ ಗರಿ ಎಳೆದು ತಂದು ಗುಡಿಸಲು ಕಟ್ಟಿದವು. ಜಗಳವಾಡಿದವು. ಕಿತ್ತು ಮತ್ತೆ ಕಟ್ಟಿದವು. ಊಟಕ್ಕೆ ಕರೆದರೂ ಬರಲಿಲ್ಲ. ಆವತ್ತೇ ನಿಲ್ಲಿಸಿದೆ. ಈಗ ಇಟ್ಟಿರುವುದು ಒಂದು ಲೋಡ್ ಮರಳು, ಹಳೆ ಪಾತ್ರೆ, ಹಗ್ಗ, ಎರಡು ಟೈರು, ಅಡಿಕೆ ಹಾಳೆ, ಗರಿ. ಹೊತ್ತುಹೊತ್ತಿಗೆ ಊಟ. ಅಷ್ಟೇ.

ಮೂರು ಕಡೆ ಮಾತ್ರ ಕಟ್ಟುನಿಟ್ಟು. ಬಾವಿ. ಕೃಷಿ ಹೊಂಡ. ಕತ್ತಲು. ಕೃಷಿ ಹೊಂಡದ ಬಗ್ಗೆ ಪಟ್ಟಣದವರಿಗೆ ಗೊತ್ತಿರುವುದಿಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಎಲ್ಲ ಹೊಲದಲ್ಲೂ ಒಂದೊಂದು ಕಾಣುತ್ತದೆ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಒದ್ದೆ ಆದರೆ ಪಾಚಿ ಕಟ್ಟಿ ಜಾರುತ್ತದೆ. ಬಿದ್ದರೆ ಈಜು ಬರುವವರಿಗೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ನೋಡಲು ಸಣ್ಣ ಸ್ವಿಮ್ಮಿಂಗ್ ಪೂಲ್ ಹಾಗಿರುತ್ತದೆ, ಅದೇ ಅಪಾಯ. ಸುತ್ತ ಬೇಲಿ, ಗೇಟಿಗೆ ಬೀಗ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದೆಯಾ ನೋಡಿ. ಇಲ್ಲದಿದ್ದರೆ ಆ ಜಾಗ ಬೇಡ. ಕತ್ತಲು ಯಾಕೆ ಅಂದರೆ ನಮ್ಮ ಜಿಲ್ಲೆಯಲ್ಲಿ ಚಿರತೆ ಇದೆ. ಸೂರ್ಯ ಮುಳುಗಿದ ಮೇಲೆ ಮಕ್ಕಳು ದೊಡ್ಡವರ ಜೊತೆ, ಅಂಗಳದಲ್ಲಿ.

ತೆಂಗಿನ ಮರದ ಕೆಳಗೆ ಟೆಂಟ್ ಹಾಕಿದ್ದಾರಾ ಅಂತಲೂ ನೋಡಿ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಹಾಕುತ್ತಾರೆ. ಕಾಯಿ ಬಿದ್ದರೆ ತಲೆ ಉಳಿಯುವುದಿಲ್ಲ.

ಎರಡುಜಡೆ

ಎರಡು ಸ್ಟಾರ್ ಕೊಟ್ಟವರಲ್ಲಿ ನಾನೂ ಇರಬಹುದಿತ್ತು. ಸಕಲೇಶಪುರ ಬುಕ್ ಮಾಡುವಾಗ ನಾನೂ ಅದೇ ಪ್ರಶ್ನೆ ಕೇಳಿದ್ದೆ. ನಿಮಗೆ ಮೆಸೇಜ್ ಮಾಡುತ್ತೇನೆ ಸರ್.

ಶಾಂತ_ಅಪ್ಪ

ನನ್ನ ಮಗನಿಗೆ ಆಟಿಸಂ ಇದೆ. ರೆಸಾರ್ಟಿನ ಡಿಜೆ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಹೋದ ವರ್ಷ ಸಾಗರದ ಹತ್ತಿರ ಹೊನ್ನೆಮರಡುವಿಗೆ ಹೋಗಿದ್ದೆವು. ಶರಾವತಿ ಹಿನ್ನೀರಿನ ದಡ. ಗ್ಲಾಂಪಿಂಗ್ ಅಲ್ಲ, ಸಾದಾ ವ್ಯವಸ್ಥೆ. ಲೈಫ್ ಜಾಕೆಟ್ ಹಾಕಿ, ಹೇಳಿಕೊಡುವವರ ಜೊತೆ ನೀರಿಗಿಳಿದ. ಆಮೇಲೆ ಎರಡು ಗಂಟೆ ದಡದಲ್ಲಿ ಕಲ್ಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸಿದ. ಯಾರೂ ಎಬ್ಬಿಸಲಿಲ್ಲ. ಅವನ ಮುಖದಲ್ಲಿ ಅಂಥ ನೆಮ್ಮದಿ ನಾನು ನೋಡಿರಲಿಲ್ಲ.

ಕಟ್ಟುನಿಟ್ಟು

ಗಂಡುಮಕ್ಕಳಿಗೆ ಇದೆಲ್ಲ ಸರಿ. 9 ವರ್ಷದ ಹುಡುಗಿಯನ್ನು ತೋಟದಲ್ಲಿ ಕಣ್ಮರೆಯಾಗಲು ಬಿಡುತ್ತೀರಾ? ಕಾಲ ಕೆಟ್ಟಿದೆ.

ದಾದಿಯಕ್ಕ

ಮಗು ಗಂಡಾದರೂ ಹೆಣ್ಣಾದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರು ಇರಬೇಕು. ನಿಯಮ ಇಬ್ಬರಿಗೂ ಒಂದೇ. ಅಣ್ಣ ಮರದ ಮೇಲೆ, ತಂಗಿ ಟೆಂಟಿನಲ್ಲಿ ಅನ್ನುವುದು ಬೇಡ.

ಮೂರನೇ_ಅಡ್ಡರಸ್ತೆ

ದಾದಿಯಕ್ಕನ ಮಾತೇ ನನ್ನದು. ಲಗೋರಿಯಲ್ಲಿ ಚೆಂಡು ಎಸೆಯುವುದರಲ್ಲಿ ನಮ್ಮ ಬೀದಿಗೆಲ್ಲ ನಾನೇ ಮುಂದಿದ್ದೆ.

ಎರಡುಜಡೆ (ಏಪ್ರಿಲ್ 28)

ಹೋಗಿ ಬಂದೆವು. ಕಲ್ಪತರು ಅವರ ತೋಟಕ್ಕೇ. ಮೂರು ರಾತ್ರಿ. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮೊದಲ ದಿನ ಬಹಳ ಕಷ್ಟ ಆಯಿತು. ಮಕ್ಕಳಿಗಲ್ಲ, ನನಗೆ. ತಲುಪಿದ ಅರ್ಧ ಗಂಟೆಗೆ ಮಗಳು "ಅಮ್ಮಾ, ಬೋರು, ಏನು ಮಾಡಲಿ" ಅಂದಳು. ಬಾಯಿಗೆ ಹತ್ತು ಉಪಾಯ ಬಂತು. ನಮ್ಮವರು ಕೈ ಒತ್ತಿ "ಸುಮ್ನಿರು" ಅಂದರು. ಸುಮ್ಮನಿದ್ದೆ. ಮಗ ಟೆಂಟ್ ಹಗ್ಗ ಎಳೆದ, ಬೈಸಿಕೊಂಡ, ಅತ್ತ. ಒಂದೂವರೆ ಗಂಟೆ ಹೀಗೇ. ಮೊಬೈಲ್ ಕೊಟ್ಟುಬಿಡೋಣ ಅನ್ನಿಸಿತ್ತು.

ಆಮೇಲೆ ಅಡಿಕೆ ಮರಗಳ ಮಧ್ಯದ ಕಾಲುವೆಗೆ ನೀರು ಬಿಟ್ಟರು. ಮಗಳು ಎದ್ದು ಹೋದಳು. ಮಣ್ಣು ಹಾಕಿ ತಡೆದಳು. ಒಡೆಯಿತು. ಮಗ ಮಟ್ಟೆ ತಂದು ಅಡ್ಡ ಇಟ್ಟ. ಅದೂ ತೇಲಿತು. ಕಲ್ಲು, ಗರಿ, ಮಣ್ಣು ಸೇರಿಸಿ ಸಂಜೆ ಹೊತ್ತಿಗೆ ಮೊಣಕಾಲುದ್ದದ ಅಣೆಕಟ್ಟು ಆಯಿತು. ತೋಟದ ಕೆಲಸಕ್ಕೆ ಬಂದಿದ್ದ ಅಜ್ಜ ಒಬ್ಬರು ನಿಂತು ನೋಡಿ, "ಮಡೆ ಬಿಡಬೇಕು ಕಣವ್ವ, ಇಲ್ಲಾಂದ್ರೆ ಕಟ್ಟೆ ಒಡೀತದೆ" ಅಂತ ಒಂದೇ ಮಾತು ಹೇಳಿ ಹೋದರು. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಇಬ್ಬರೂ ಅಲ್ಲಿದ್ದರು.

ಮಗಳು ಸೀಬೆ ಮರ ಹತ್ತಿದಳು. ನಾನು ಹದಿನೈದು ಅಡಿ ದೂರ ಕೂತಿದ್ದೆ, ಕೈ ಬೆವರುತ್ತಿತ್ತು. ಎರಡನೇ ಕೊಂಬೆಗೆ ಹೋಗಿ ತಾನೇ ನಿಂತಳು, ಮೂರನೆಯದನ್ನು ಅಲುಗಾಡಿಸಿ ನೋಡಿ ಬೇಡ ಅಂತ ಇಳಿದಳು. ಅಷ್ಟು ವಿವೇಚನೆ ಅವಳಿಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅತ್ತೆಗೆ ಮಂಚವಿತ್ತು, ಟಾಯ್ಲೆಟ್ ಚೊಕ್ಕಟವಾಗಿತ್ತು. ಅವರು ಮಕ್ಕಳಿಗೆ ನೆಲದಲ್ಲಿ ಗುಳಿ ತೋಡಿ, ಹುಣಸೆ ಬೀಜ ಹಾಕಿ ಅಳಿಗುಳಿಮಣೆ ಆಡಿಸಿದರು. ಮೂರು ದಿನದಲ್ಲಿ ಅವರು ನಕ್ಕಷ್ಟು ಬೆಂಗಳೂರಿನಲ್ಲಿ ಆರು ತಿಂಗಳಲ್ಲಿ ನಕ್ಕಿಲ್ಲ.

ಮಗನ ಮೊಣಕಾಲು ತರಚಿದೆ. ಎರಡು ಜೊತೆ ಬಟ್ಟೆಯಲ್ಲಿ ತೆಂಗಿನ ಕರೆ ಹೋಗುತ್ತಿಲ್ಲ. ಬೇರೆ ಏನೂ ಆಗಿಲ್ಲ.

ರೈನ್_ದಂಡೆ

ಓದಿ ಕಣ್ಣು ತುಂಬಿತು. ಆ ಮೊದಲ ಒಂದೂವರೆ ಗಂಟೆ ಇದೆಯಲ್ಲ, ಅಲ್ಲೇ ಎಲ್ಲರೂ ಸೋಲುವುದು. ನೀವು ತಡೆದುಕೊಂಡಿರಿ.

ಕಟ್ಟುನಿಟ್ಟು

ನನ್ನ ಮಾತು ಸ್ವಲ್ಪ ಹೆಚ್ಚಾಯಿತೇನೋ. ನನ್ನ ಮಗಳಿಗೂ ಎಂಟು. ಆ ಅಣೆಕಟ್ಟಿನ ಫೋಟೋ ಇದ್ದರೆ ಹಾಕಿ, ಅವಳಿಗೆ ತೋರಿಸುತ್ತೇನೆ.

ಎರಡುಜಡೆ

ಫೋಟೋ ತೆಗೆಯಲು ಮರೆತೇ ಹೋಯಿತು! ಮಗಳು ಬಿಡಿಸಿದ ಚಿತ್ರ ಇದೆ, ನಾಳೆ ಹಾಕುತ್ತೇನೆ.

ತುಂಗೆ ತಡಿ ಅಣ್ಣಾ, ಒಂದು ಪ್ರಶ್ನೆ. ಬರುವಾಗ ಎರಡು ಅಡಿಕೆ ಹಾಳೆ ಕಾರಿನಲ್ಲಿ ತಂದೆವು. ಇಲ್ಲಿ ಬಾಲ್ಕನಿಯಲ್ಲಿ ಒಣಗಿ ಸುರುಟಿಕೊಂಡಿದೆ. ಶನಿವಾರ ಪಕ್ಕದ ಖಾಲಿ ಸೈಟಿನಲ್ಲಿ ಎಳೆಯಬೇಕು ಅಂತ ಇಬ್ಬರೂ ಕುಣಿಯುತ್ತಿದ್ದಾರೆ. ಏನು ಮಾಡಲಿ?

ತುಂಗೆ_ತಡಿ

ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಮೆತ್ತಗಾಗುತ್ತದೆ. ಆಮೇಲೆ ನೆಲದ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲು ಹೇರಿ ರಾತ್ರಿ ಬಿಡಿ. ಸೈಟಿನಲ್ಲಿ ಗಾಜಿನ ಚೂರು ಇದೆಯಾ ಮೊದಲು ನೋಡಿ. ಎಳೆಯುವವರು ಸೋಗೆಯ ಬುಡ ಹಿಡಿಯಬೇಕು, ತುದಿ ಹಿಡಿದರೆ ಕಿತ್ತು ಬರುತ್ತದೆ.